ಕೊನೆಗೆ ಹೇಳಿದವರ ನೀರು

ನನ್ನ ತಂಗಿಯ ಗಂಡ ಯಾರಿಗೂ ‘ಆಗಲ್ಲ’ ಎಂದವರಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬಾರದು. ಏಣಿ ಹಿಡಿದುಕೊಳ್ಳಿ ಎಂದರೆ ಆಯ್ತು. ನಾವು ಊರಿಂದ ಬರುವತನಕ ಬೆಕ್ಕನ್ನು ಇಟ್ಟುಕೊಳ್ಳಿ ಎಂದರೆ ಆಯ್ತು. ಜಗಳವಾಡಿದ ಇಬ್ಬರೂ ಬೇರೆ ಬೇರೆಯಾಗಿ ಬಂದು ‘ನನ್ನ ಕಡೆ ಸಾಕ್ಷಿ ಹೇಳಿ’ ಎಂದರೆ ಇಬ್ಬರಿಗೂ ಆಯ್ತು. ಅವರ ನಿಜವಾದ ಹೆಸರು ಈಗ ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ಕಟ್ಟಡದವರ ಬಾಯಲ್ಲಿ ಅವರು ಆಯ್ತಪ್ಪನವರು. ನನಗೆ ಭಾವ, ಅವರಿಗೆ ನಾನೂ ಭಾವನೇ. ಅವರ ಮನೆ ಮೂರನೇ ಮಹಡಿಯಲ್ಲಿ, ನನ್ನದು ನೆಲಮಹಡಿಯಲ್ಲಿ ಪಂಪಿನ ಕೋಣೆಗೆ ಅಂಟಿಕೊಂಡಂತೆ. ಆದ್ದರಿಂದ ಈ ಕಥೆಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಗೋಡೆಯಾಚೆಯಿಂದ ಕಿವಿಯಾರೆ ಕೇಳಿದ್ದು.

ನಮ್ಮ ಕಟ್ಟಡದ ನೀರಿನ ಏರ್ಪಾಡು ಸರಳವಾದದ್ದು. ಬೀದಿಯ ಕೊಳಾಯಿ ರಾತ್ರಿಯೆಲ್ಲ ತೊಟ್ಟಿಕ್ಕಿ ನೆಲದಡಿಯ ಸಂಪನ್ನು ತುಂಬಿಸುತ್ತದೆ. ಪಂಪು ಅದನ್ನು ದಿನಕ್ಕೊಂದು ಸಲ ಮೇಲಿನ ಟ್ಯಾಂಕಿಗೆ ಎತ್ತುತ್ತದೆ. ಎರಡು ಮೂರು ಗಂಟೆಯಲ್ಲಿ ಟ್ಯಾಂಕು ಬರಿದಾಗುತ್ತದೆ. ಪಂಪು ಓಡಿದ ಹೊತ್ತಿಗೆ ನೀರು ಬೇಕಾದವರು ಪುಣ್ಯವಂತರು. ಮಿಕ್ಕವರು ದೇವರ ಧ್ಯಾನ ಮಾಡಬೇಕು.

ಸ್ವಿಚ್ಚು ಹಾಕುತ್ತಿದ್ದ ಮುದುಕ ಮಗಳ ಮನೆಗೆ ಹೋಗಿ ಅಲ್ಲೇ ಉಳಿದುಕೊಂಡಾಗ, ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಸಭೆ ಕರೆದರು. ‘ಇನ್ಮೇಲೆ ದಿನಾ ಎದ್ದು ಸ್ವಿಚ್ಚು ಹಾಕೋರು ಯಾರು?’ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡಿದರು. ಭಾವ ಎದ್ದು ನಿಂತರು.

ಭಾವನಿಗೆ ತೂಕದ ಯಂತ್ರ ತಯಾರಿಸುವ ಕಂಪನಿಯಲ್ಲಿ ಕೆಲಸ. ಯಂತ್ರದ ಹೊಟ್ಟೆಯೊಳಗೆ ಕೂರುವ ಪ್ರೋಗ್ರಾಮನ್ನು ಸಿ ಎಂಬ ಭಾಷೆಯಲ್ಲಿ ಬರೆಯುವವರ ಪೈಕಿ ಅವರೊಬ್ಬರು.

‘ಮನುಷ್ಯರೇ ಬೇಡ’ ಎಂದರು ಭಾವ. ‘ಒಂದು ಪುಟ್ಟ ಪೆಟ್ಟಿಗೆ ಕೂರಿಸ್ತೀನಿ. ಅದರಲ್ಲಿ ಪ್ರೋಗ್ರಾಮ್ ಇರುತ್ತೆ. ಹೇಳಿದ ಹೊತ್ತಿಗೆ ಪಂಪು ತಾನೇ ಹೊರಡುತ್ತೆ.’

‘ಪ್ರೋಗ್ರಾಮ್ ಯಾರು ಬರೆದಿದ್ದು?’ ಕಾರ್ಯದರ್ಶಿಗಳು ಕನ್ನಡಕದ ಮೇಲಿಂದ ನೋಡಿದರು.

‘ಯಾರ್ಯಾರೋ ಬರೆದಿದ್ದಾರೆ ಸಾರ್. ಓಪನ್ ಸೋರ್ಸ್ ಅಂತ. ಲೋಕದಲ್ಲಿ ಎಲ್ಲೆಲ್ಲೋ ಕೂತಿರೋರು.’

‘ಸಂಬಳ?’

‘ಇಲ್ಲ.’

‘ಮತ್ತೆ ಯಾಕೆ ಬರೀತಾರೆ?’

ಭಾವ ಯೋಚಿಸಿದರು. ‘ಅವರಿಗೂ ಯಾರೋ ಕೇಳಿರಬೇಕು ಸಾರ್. ಆಯ್ತು ಅಂದಿರ್ತಾರೆ.’

ಪೆಟ್ಟಿಗೆ ಬಂತು. ಅದರೊಳಗೆ ಒಂದು ಸೆಟ್ಟಿಂಗ್ಸ್ ಫೈಲು. ಅದರಲ್ಲಿ ಒಂದೊಂದು ಸಾಲಿಗೆ ಒಂದೊಂದು ವಿಷಯ: ಎಡಕ್ಕೆ ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಬೆಲೆ. ‘ಪಂಪಿನ ಸಮಯ = ಬೆಳಿಗ್ಗೆ ಆರು’ ಎಂಬಂತೆ. ಪ್ರತಿದಿನ ರಾತ್ರಿ ಒಂಬತ್ತಕ್ಕೆ ಪೆಟ್ಟಿಗೆ ಆ ಫೈಲನ್ನು ಮೇಲಿಂದ ಕೆಳಗೆ ಓದಿಕೊಂಡು ಮರುದಿನಕ್ಕೆ ಸಿದ್ಧವಾಗುತ್ತಿತ್ತು. ಆರು ಗಂಟೆ ಎಂದು ಮೊದಲು ಕೇಳಿದವರು ನೆಲಮಹಡಿಯಲ್ಲಿ ಲಾಂಡ್ರಿ ಇಟ್ಟುಕೊಂಡಿದ್ದ ಲಾಂಡ್ರಿಯಮ್ಮ. ನಸುಕಿನಲ್ಲೇ ಬಟ್ಟೆ ನೆನೆಸುವವರು ಅವರು. ಭಾವ ಆಯ್ತು ಎಂದರು, ಮೊದಲೇ ಇದ್ದ ಮೂರು ಸಾಲಿನ ಕೆಳಗೆ ಈ ಸಾಲು ಬರೆದರು. ಕಥೆ ಇಲ್ಲಿಗೆ ಮುಗಿಯಬಹುದಿತ್ತು.

ಮುಗಿಯಲಿಲ್ಲ. ಮೊದಲನೇ ಮಹಡಿಯ ತಮ್ಮ ಮನೆಯಲ್ಲೇ ಕ್ಲಿನಿಕ್ಕು ನಡೆಸುವ ಹಲ್ಲಿನ ಡಾಕ್ಟರಮ್ಮ ಹತ್ತು ಗಂಟೆಗೆ ಬೇಕೆಂದರು; ಬಾಯಿ ತೆರೆದು ಕೂತವರಿಗೆ ಮುಕ್ಕಳಿಸಲು ನೀರಿಲ್ಲ ಎಂದು ಹೇಳುವುದು ಹೇಗೆ? ಭಾವ ಆಯ್ತು ಎಂದರು. ಎರಡನೇ ಮಹಡಿಯ ಸಂಗೀತದ ಮೇಷ್ಟ್ರು, ಬೆಳಗಿನ ಅಭ್ಯಾಸದ ಹೊತ್ತಿಗೆ ಪಂಪು ಗುಂಯ್ ಎಂದರೆ ಮಕ್ಕಳ ಶ್ರುತಿ ಕೆಡುತ್ತದೆ, ಹನ್ನೆರಡಕ್ಕೆ ಇಡಿ ಎಂದರು. ಆಯ್ತು. ಕಾರ್ಯದರ್ಶಿಗಳಿಗೆ ಸಂಜೆ ಐದಕ್ಕೆ ಬೇಕು. ಅವರು ಮಾಳಿಗೆಯಲ್ಲಿ ನೂರಾರು ಕುಂಡ ಇಟ್ಟಿದ್ದಾರೆ. ಗಿಡಕ್ಕೆ ಬಿಸಿಲಿಳಿದ ಮೇಲೇ ನೀರೆರೆಯಬೇಕು ಎನ್ನುವುದು ಅವರು ದೇವರ ಮಾತಿನಷ್ಟೇ ನಂಬಿದ ಮಾತು. ಅದಕ್ಕೂ ಆಯ್ತು.

ಬೇರೆ ಯಾರಾದರೂ ಹಳೆಯ ಸಾಲನ್ನು ಅಳಿಸಿ ಹೊಸದನ್ನು ಬರೆಯುತ್ತಿದ್ದರು. ಭಾವನಿಗೆ ಅದು ಒಗ್ಗಲಿಲ್ಲ.

‘ಒಬ್ಬರು ಬಾಯಿಬಿಟ್ಟು ಕೇಳಿದ್ದನ್ನ ಅಳಿಸಿಹಾಕೋದು ಚೆನ್ನಾಗಿರುತ್ತಾ ಭಾವ?’ ಎಂದು ನನ್ನನ್ನೇ ಕೇಳಿದರು. ‘ಅವರದ್ದು ಅಲ್ಲೇ ಇರಲಿ. ಇವರದ್ದು ಕೆಳಗೆ ಸೇರಿಸ್ತೀನಿ.’

ಹೀಗೆ ಸೇರಿಸುತ್ತ ಸೇರಿಸುತ್ತ ಆ ಫೈಲು ಬೆಳೆಯಿತು. ಕೇಳಿದವರೇ ಮತ್ತೆ ಕೇಳಿದರೆ ಮತ್ತೊಂದು ಸಾಲು. ಸೇರಿಸಿದ ಎಲ್ಲ ಸಾಲಿನ ಎಡಕ್ಕೂ ಪಂಪಿನ ಸಮಯ, ಬಲಕ್ಕೆ ಮಾತ್ರ ಬೇರೆ ಬೇರೆ ಗಂಟೆ. ಪೆಟ್ಟಿಗೆ ಒಂದು ದಿನವೂ ಗೊಣಗಲಿಲ್ಲ.

ಗುಟ್ಟು ಮೊದಲು ಹೊಳೆದದ್ದು ಮೇಷ್ಟ್ರಿಗೆ. ಎಷ್ಟಾದರೂ ತಾಳ ಬಲ್ಲವರು. ಸಂಜೆ ಭಾವನ ಜೊತೆ ಯಾರು ಕೊನೆಗೆ ಮಾತಾಡಿರುತ್ತಾರೋ ಮರುದಿನ ಪಂಪು ಅವರ ಹೊತ್ತಿಗೇ ಓಡುತ್ತದೆ ಎಂದು ಅವರು ಕಂಡುಕೊಂಡರು. ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ ಹೆಂಡತಿಗೆ ಮಾತ್ರ ಹೇಳಿದರು. ಆದ್ದರಿಂದ ಮರುದಿನ ಕಟ್ಟಡಕ್ಕೆಲ್ಲ ಗೊತ್ತಾಯಿತು.

ಅಂದಿನಿಂದ ನನ್ನ ತಂಗಿಯ ಮನೆ ಸಂಜೆಯಾಯಿತೆಂದರೆ ಬಸ್ ನಿಲ್ದಾಣದಂತಾಯಿತು. ಕಾರ್ಯದರ್ಶಿಗಳು ಏಳೂವರೆಗೆ ಬಂದು ಕೂರುವರು. ಡಾಕ್ಟರಮ್ಮ ಎಂಟಕ್ಕೆ ಬರುವರು. ಅವರು ಏಳಲಿ ಎಂದು ಇವರು, ಇವರು ಏಳಲಿ ಎಂದು ಅವರು. ಮಾತು ಮುಗಿದು, ಹವಾಮಾನ ಮುಗಿದು, ಗೋಡೆಯ ಬಣ್ಣದ ಚರ್ಚೆಯೂ ಮುಗಿದು, ಕೊನೆಗೆ ಇಬ್ಬರೂ ಭಾವನ ಮುಖವನ್ನೇ ನೋಡುತ್ತ ಕೂರುವರು. ‘ನಾನಿನ್ನು ಬರ್ತೀನಿ’ ಎಂದು ಹೊರಟ ಕಾರ್ಯದರ್ಶಿಗಳು ಮೆಟ್ಟಿಲ ತಿರುವಿನಲ್ಲಿ ನಿಂತು, ಚೆನ್ನಾಗಿಯೇ ಉರಿಯುತ್ತಿದ್ದ ಬಲ್ಬನ್ನು ಪರೀಕ್ಷಿಸುವರು. ಡಾಕ್ಟರಮ್ಮ ಇಳಿದದ್ದೇ ತಡ, ‘ಛತ್ರಿ ಮರೆತಿದ್ದೆ’ ಎಂದು ಮತ್ತೆ ಹತ್ತುವರು. ಆ ತಿಂಗಳಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಒಂಬತ್ತಕ್ಕೆ ಎರಡು ನಿಮಿಷವಿದೆ ಎನ್ನುವಾಗ ಮೇಷ್ಟ್ರು ಮೆಲ್ಲಗೆ ಬಾಗಿಲು ತಟ್ಟಿ, ‘ಹನ್ನೆರಡು’ ಎಂದಷ್ಟೇ ಉಸುರಿ ಇಳಿದುಹೋಗುವರು.

‘ಅಣ್ಣ, ನಾನು ಯಾವ ಪಾಪ ಮಾಡಿದ್ದೆ?’ ತಂಗಿ ನನ್ನ ಹತ್ತಿರ ಹೇಳಿಕೊಂಡಳು. ‘ದಿನಾ ಇಷ್ಟು ಜನಕ್ಕೆ ಟೀ. ಲೋಟ ತೊಳಿಯೋಣ ಅಂದ್ರೆ ನೀರಿಲ್ಲ.’

ಲಾಂಡ್ರಿಯಮ್ಮ ಮಾತ್ರ ಸಂಜೆ ಬರಲಾರರು. ಆಗ ಅವರು ಒಗೆದ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಕೊಟ್ಟು ಬರಲು ಹೋಗಿರುತ್ತಾರೆ. ಬೆಳಿಗ್ಗೆ ಬಂದು ಕೇಳುವರು, ಭಾವ ಆಯ್ತು ಎನ್ನುವರು, ಸಾಲು ಸೇರುವುದು. ಸಂಜೆಯಾಗುವಷ್ಟರಲ್ಲಿ ಅದರ ಕೆಳಗೆ ಮೂವರ ಸಾಲು ಬಂದು ಕೂತಿರುವುದು. ಒಂದು ಬೆಳಿಗ್ಗೆ ಭಾವ ನನ್ನ ಮನೆಯಲ್ಲಿ ಪೇಪರು ಓದುತ್ತಿದ್ದಾಗ ಅವರು ಬಾಗಿಲಲ್ಲಿ ಬಂದು ನಿಂತರು. ದನಿ ಏರಿಸಲಿಲ್ಲ.

‘ಅಪ್ಪಾ, ಸ್ಟೇಷನ್ ಹತ್ರದ ದೊಡ್ಡ ವಸತಿಗೃಹದವರು ತಮ್ಮ ಹಾಸಿಗೆ ಬಟ್ಟೆ ಎಲ್ಲ ನನಗೇ ಕೊಡ್ತೀವಿ ಅಂದಿದ್ದಾರೆ. ಸೋಮವಾರ ಒಂದು ದಿನ ನೋಡ್ತಾರಂತೆ. ಮಧ್ಯಾಹ್ನದೊಳಗೆ ಒಗೆದು ಒಣಗಿಸಿ ಕೊಟ್ರೆ ವರ್ಷವಿಡೀ ಕೆಲಸ. ಇಲ್ಲಾಂದ್ರೆ ಮೆಷಿನ್ ಹಾಕಿರೋ ಲಾಂಡ್ರಿಗೆ ಹೋಗುತ್ತೆ. ಸೋಮವಾರ ಆರಕ್ಕೆ ನೀರು ಬರುತ್ತಾ?’

‘ಆಯ್ತಮ್ಮ’ ಎಂದರು ಭಾವ.

‘ಆಯ್ತು ಅನ್ನೋದು ಗೊತ್ತು. ಬರುತ್ತಾ ಅಂತ ಕೇಳಿದ್ದು.’

ಅವರು ಹೋದ ಮೇಲೂ ಭಾವ ಪೇಪರಿನ ಪುಟ ತಿರುಗಿಸಲಿಲ್ಲ. ಸಂಜೆ ಆಫೀಸಿನಿಂದ ಬರುವಾಗ ಒಂದು ಕಟ್ಟು ಹಾಳೆ ತಂದರು. ಆ ಪ್ರೋಗ್ರಾಮಿನಲ್ಲಿ ಸೆಟ್ಟಿಂಗ್ಸ್ ಓದುವ ಭಾಗವನ್ನೆಲ್ಲ ಮುದ್ರಿಸಿಕೊಂಡಿದ್ದರು. ಮೇಲಿನ ಜನಜಂಗುಳಿಗೆ ಹೆದರಿ ನನ್ನ ಊಟದ ಮೇಜಿನ ಮೇಲೆ ಹರಡಿಕೊಂಡು ಗಟ್ಟಿಯಾಗಿ ಓದತೊಡಗಿದರು. ನಾನು ಕೇಳುತ್ತ ಕೂತೆ. ಅರ್ಥವಾಗುವ ಮೊದಲೇ ತಲೆದೂಗುವುದು ನನಗೆ ಚಿಕ್ಕಂದಿನಿಂದ ರೂಢಿ. ಕೇಳಲು ಹಿತವಾಗಿಯೇ ಇತ್ತು. ಪ್ರತಿ ಸಾಲೂ ತನ್ನ ಕೊನೆಯಲ್ಲಿ ಒಂದು ಚುಕ್ಕೆಗೆ ಅಲ್ಪವಿರಾಮ ಕಟ್ಟಿಕೊಂಡು ನಿಲ್ಲುತ್ತಿತ್ತು. ಬ್ರಾಕೆಟ್ಟು ಎಲ್ಲೇ ತೆರೆಯಲಿ, ಮುಚ್ಚದೆ ಬಿಡುತ್ತಿರಲಿಲ್ಲ. ಆ ಮಟ್ಟಿಗೆ ನಮ್ಮ ಸಂಘದ ಸಭೆಗಿಂತ ಶಿಸ್ತಿನದು.

‘ಇಲ್ಲಿ ನೋಡಿ ಭಾವ’ ಎಂದು ಬೆರಳಿಟ್ಟರು. ‘ಒಂದೊಂದೇ ಸಾಲು ತಗೊಳ್ಳುತ್ತೆ. ಸಮ ಚಿಹ್ನೆ ಎಲ್ಲಿದೆ ಅಂತ ಹುಡುಕಿ ಎರಡು ತುಂಡು ಮಾಡುತ್ತೆ. ಎಡಗಡೆ ಹೆಸರು ಪರಿಚಯದ್ದಾದ್ರೆ ಬಲಗಡೆದನ್ನ ಅದರ ಡಬ್ಬಕ್ಕೆ ಹಾಕುತ್ತೆ. ಅದೇ ಹೆಸರು ಮತ್ತೆ ಬಂದ್ರೆ, ಡಬ್ಬದಲ್ಲಿದ್ದದ್ದನ್ನ ಚೆಲ್ಲಿ ಹೊಸದನ್ನ ಹಾಕುತ್ತೆ. ಆಗಲೇ ಒಬ್ಬರಿಗೆ ಹೇಳಿದ್ದೆನಲ್ಲಾ ಅಂತ ಒಂದು ಮಾತೂ ಇಲ್ಲ. ಕೊನೆಗೆ ಏನೇ ಆಗಿರಲಿ, ಎಲ್ಲ ಸರಿಯಾಗಿದೆ ಅಂತ ಹೇಳಿ ವಾಪಸ್ ಬರುತ್ತೆ.’

‘ಅಂದ್ರೆ ನಿಮ್ಮ ಹಾಗೆ’ ಎಂದಳು ತಂಗಿ. ಅವಳು ನನ್ನ ಮನೆಯಲ್ಲಿ ತುಂಬಿಟ್ಟ ನೀರಿನಲ್ಲಿ ಲೋಟ ತೊಳೆಯಲು ಬಂದಿದ್ದಳು.

ಭಾವ ದೂರದೂರದ ಆ ಜನರಿಗೆ ವಿಷಯ ಬರೆದರು. ಪ್ರೋಗ್ರಾಮಿನ ಉಸ್ತುವಾರಿ ನೋಡುವ ಹಿರಿಯರಿಂದ ಉತ್ತರ ಬಂತು. ‘ಮಿಡತೆ’ ಎಂದು ತನ್ನನ್ನು ಕರೆದುಕೊಳ್ಳುವ ಒಬ್ಬರು ಇದೇ ಜಾಗಕ್ಕೆ ತಿದ್ದುಪಡಿ ಕಳಿಸಿದ್ದಾರೆ. ನೋಡುವವರಿಲ್ಲದೆ ಬಿದ್ದಿದೆ. ನೀವು ಪರಿಶೀಲಿಸಿ, ಒಪ್ಪುತ್ತೀರೋ ಇಲ್ಲವೋ ತಿಳಿಸಿ. ನಿಮ್ಮ ಮಾತಿನಂತೆ ಮಾಡುತ್ತೇವೆ.

ಭಾವನ ಎದೆ ಎರಡು ಅಂಗುಲ ಹಿಗ್ಗಿತು. ಪರಿಶೀಲಿಸುವುದಕ್ಕೆ ಆಯ್ತು ಎಂದು ಬರೆದೇ ಬಿಟ್ಟರು. ಅಷ್ಟಕ್ಕೆ ಸುಮ್ಮನಿದ್ದರೆ ಬದುಕಿಕೊಳ್ಳುತ್ತಿದ್ದರು. ಸಂಜೆ ಟೀ ಕುಡಿಯುತ್ತಿದ್ದವರ ಎದುರು, ‘ಲೋಕದಲ್ಲಿ ಎಲ್ಲೆಲ್ಲಿ ಈ ಪೆಟ್ಟಿಗೆ ಇದೆಯೋ ಅಲ್ಲೆಲ್ಲ ಏನಾಗಬೇಕು ಅನ್ನೋದು ಈಗ ನನ್ನ ಒಪ್ಪಿಗೆ ಮೇಲೆ ನಿಂತಿದೆ’ ಎಂದರು.

ಕಾರ್ಯದರ್ಶಿಗಳು ಲೋಟ ಕೆಳಗಿಟ್ಟರು. ‘ಏನು ತಿದ್ದುಪಡಿ?’

‘ಇಲ್ಲೀತನಕ ಕೊನೆಗೆ ಹೇಳಿದ್ದು ನಿಲ್ತಿತ್ತು. ಮಿಡತೆ ಹೇಳೋದು, ಮೊದಲು ಹೇಳಿದ್ದು ನಿಲ್ಲಲಿ, ಆಮೇಲೆ ಬಂದಿದ್ದನ್ನೆಲ್ಲ ಸುಮ್ಮನೆ ಬಿಟ್ಟುಬಿಡಲಿ ಅಂತ.’

ಹೀಗಾಗಿ ನಮ್ಮ ಕಟ್ಟಡದಲ್ಲಿ ಸಿ ಭಾಷೆಯ ಒಂದು ತಿದ್ದುಪಡಿಯ ಮೇಲೆ ತುರ್ತು ಸಭೆ ಸೇರಿತು. ವಾಹನ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿದರು. ಮಿಡತೆ ಯಾರು, ಎಲ್ಲಿಯವರು, ಯಾರ ಕಡೆಯವರು ಎಂಬ ಪ್ರಶ್ನೆ ಮೊದಲು ಬಂತು.

‘ಇದು ಲಾಂಡ್ರಿಯವರ ಕೈವಾಡ’ ಎಂದರು ಕಾರ್ಯದರ್ಶಿಗಳು. ‘ಮೊದಲು ಕೇಳಿದೋರು ಅವರೇ ತಾನೆ?’

ಲಾಂಡ್ರಿಯಮ್ಮ ಇಸ್ತ್ರಿ ಪೆಟ್ಟಿಗೆ ಬಿಟ್ಟು ಬಂದಿದ್ದರು. ‘ನನಗೆ ಯಾವ ಮಿಡತೆನೂ ಗೊತ್ತಿಲ್ಲ ಸ್ವಾಮಿ. ಬಟ್ಟೇಲಿ ಜಿರಳೆ ಬರುತ್ತೆ, ಅಷ್ಟೇ.’

‘ಕೊನೇ ಮಾತೇ ಮಾತು’ ಎಂದು ಕಾರ್ಯದರ್ಶಿಗಳು ತೀರ್ಪಿನಂತೆ ಹೇಳಿದರು. ‘ಕೋರ್ಟಲ್ಲೂ ಮೊದಲಿನ ತೀರ್ಪನ್ನ ಆಮೇಲಿನ ತೀರ್ಪು ಹೊಡೆದುಹಾಕುತ್ತೆ.’

‘ಹಾಡಿನಲ್ಲಿ ಮೊದಲು ಹಿಡಿದ ಶ್ರುತಿನೇ ಕೊನೇತನಕ’ ಎಂದರು ಮೇಷ್ಟ್ರು. ಮಡದಿ ಮೊಣಕೈಯಿಂದ ತಿವಿದದ್ದರಿಂದ, ‘ಆದರೆ ನೀರು ಹಾಡಲ್ಲ’ ಎಂದು ಸೇರಿಸಿದರು.

ಡಾಕ್ಟರಮ್ಮ ಅಲ್ಲಿಯತನಕ ಸುಮ್ಮನಿದ್ದರು. ಅವರ ಎದುರು ಕೂತವರು ಮಾತಾಡಲಾರದ ಸ್ಥಿತಿಯಲ್ಲಿರುವುದರಿಂದ ಅವರಿಗೆ ಚರ್ಚೆಯ ಅಭ್ಯಾಸ ಕಡಿಮೆ. ‘ನನ್ನ ಹತ್ರ ಬಂದೋರು ಒಂದು ಸಲ ಈ ಹಲ್ಲು ಅಂತಾರೆ, ಇನ್ನೊಂದು ಸಲ ಆ ಹಲ್ಲು ಅಂತಾರೆ’ ಎಂದರು. ‘ಮೊದಲು ತೋರಿಸಿದ್ದನ್ನ ಕೀಳಲಾ, ಕೊನೆಗೆ ತೋರಿಸಿದ್ದನ್ನ ಕೀಳಲಾ? ಎರಡೂ ಕೀಳಲ್ಲ. ಇಕ್ಕಳ ಕೆಳಗಿಟ್ಟು, ಮೊದಲು ಒಂದು ಮಾತು ಹೇಳಿ ಅಂತೀನಿ.’

ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಭಾವನ ಹೊರತು. ಸಭೆ ಮುಗಿಯುವ ಹೊತ್ತಿಗೆ ಕಾರ್ಯದರ್ಶಿಗಳು ಭಾವನನ್ನು ಪಕ್ಕಕ್ಕೆ ಕರೆದು, ‘ತಿದ್ದುಪಡಿ ಒಪ್ಪಬೇಡಿ’ ಎಂದರು. ಆಯ್ತು ಎಂದರು ಭಾವ. ಲಾಂಡ್ರಿಯಮ್ಮ ಎದುರು ಬಂದು, ‘ಮಿಡತೆ ಹೇಳಿದ್ದೇ ಸರಿ ಕಾಣುತ್ತಪ್ಪ’ ಎಂದರು. ಅದಕ್ಕೂ ಆಯ್ತು.

ಶನಿವಾರ ಮಧ್ಯಾಹ್ನ ಭಾವ ಲ್ಯಾಪ್‌ಟಾಪು ಹಿಡಿದು ಮತ್ತೆ ನನ್ನ ಮೇಜಿಗೆ ಬಂದರು. ಪರದೆಯ ಮೇಲೆ ಎರಡು ಗುಂಡಿ. ಒಂದು ‘ಒಪ್ಪಿದೆ’, ಇನ್ನೊಂದು ‘ಬದಲಾವಣೆ ಬೇಕು’. ಒಪ್ಪಿದೆ ಎಂಬ ಗುಂಡಿಯತ್ತ ಅವರ ಬೆರಳು ಹಟ್ಟಿಯ ಹಾದಿ ಹಿಡಿದ ಹಸುವಿನಂತೆ ತಾನಾಗಿ ಹೋಗುತ್ತಿತ್ತು. ಅವರು ಎಳೆದುಕೊಳ್ಳುತ್ತಿದ್ದರು. ಅದು ಮತ್ತೆ ಹೋಗುತ್ತಿತ್ತು.

‘ಒಪ್ಪದೇ ಇದ್ರೆ ಮಿಡತೆಗೆ ಬೇಜಾರಾಗಲ್ವಾ ಭಾವ? ಎಷ್ಟು ಕಷ್ಟಪಟ್ಟು ಬರೆದಿದ್ದಾರೋ ಏನೋ.’

‘ತಪ್ಪಿದ್ಯಾ?’ ಎಂದೆ.

‘ಕೊನೆಯವರಿಗೆ ಸೋಲಿಲ್ಲ ಅನ್ನೋ ಬದಲು ಮೊದಲಿನವರಿಗೆ ಸೋಲಿಲ್ಲ ಅಂದಿದ್ದಾರೆ. ಸೋತವರಿಗೆ ಮಾತ್ರ ಈಗಲೂ ಯಾರೂ ಹೇಳಲ್ಲ. ಇದೂ ಕೊನೇಲಿ ಎಲ್ಲ ಸರಿ ಅಂತಲೇ ವಾಪಸ್ ಬರುತ್ತೆ.’

ಬರೆದರು, ಅಳಿಸಿದರು. ಕ್ಷಮೆ ಕೇಳಿದರು, ಅದನ್ನೂ ಅಳಿಸಿದರು. ಕೊನೆಗೆ ಉಳಿದದ್ದು ಇಷ್ಟು: ‘ಒಂದೇ ವಿಷಯವನ್ನು ಎರಡು ಸಲ ಹೇಳಿದ್ದರೆ ಮೊದಲನೆಯದೂ ಬೇಡ, ಕೊನೆಯದೂ ಬೇಡ. ಅಲ್ಲೇ ನಿಂತು, ಯಾವ ಸಾಲೆಂದು ಹೇಳಬೇಕು. ಈಗಿರುವ ಹಾಗೆ ಇದನ್ನು ಒಪ್ಪಲಾರೆ.’ ಕಣ್ಣು ಮುಚ್ಚಿ ಎರಡನೇ ಗುಂಡಿ ಒತ್ತಿದರು. ಒತ್ತಿದವರೇ ಎದ್ದು ನನ್ನ ಮಂಚದ ಮೇಲೆ ಹೋಗಿ ಮಲಗಿದರು. ತಂಗಿ ಹಣೆ ಮುಟ್ಟಿ ನೋಡಿದಳು.

ಮಿಡತೆಯ ಉತ್ತರ ಸಂಜೆಗೇ ಬಂತು. ‘ಸರಿಯಾದ ಮಾತು. ತಿದ್ದಿದ್ದೇನೆ. ಇಷ್ಟು ಗಮನವಿಟ್ಟು ಓದಿದ್ದಕ್ಕೆ ಧನ್ಯವಾದ.’

ಭಾವ ಅದನ್ನು ಮತ್ತೆ ಮತ್ತೆ ಓದಿದರು. ‘ಆಗಲ್ಲ ಅಂದೆ. ಅದಕ್ಕೆ ಧನ್ಯವಾದ ಹೇಳ್ತಿದ್ದಾರಲ್ಲ’ ಎಂದು ಮನೆಯವರಿಗೆಲ್ಲ ತೋರಿಸಿದರು. ಹೊಸ ತಿದ್ದುಪಡಿಯನ್ನು ಸಾಲುಸಾಲಾಗಿ ಓದಿ ಒಪ್ಪಿದರು. ಹಿರಿಯರು ಸೇರಿಸಿಕೊಂಡರು. ಭಾನುವಾರ ಸಂಜೆ ಭಾವ ಪಂಪಿನ ಕೋಣೆಗೆ ಹೋಗಿ ಪೆಟ್ಟಿಗೆಗೆ ಹೊಸ ಪ್ರೋಗ್ರಾಮು ಹಾಕಿ, ಕೈ ಒರೆಸಿಕೊಂಡು, ಲೋಕಕ್ಕೆ ಒಂದು ಉಪಕಾರ ಮಾಡಿದವರ ಗಂಭೀರ ನಡಿಗೆಯಲ್ಲಿ ಮೆಟ್ಟಿಲು ಹತ್ತಿದರು. ಅಂದು ಸಂಜೆ ಬಂದವರಿಗೆಲ್ಲ ಟೀ ಆಯಿತು, ಎಲ್ಲರಿಗೂ ಆಯ್ತು ಆಯಿತು. ಎಲ್ಲರ ಸಾಲೂ ಸೇರಿದ ಮೇಲೆ ಕೊನೆಗೆ ಲಾಂಡ್ರಿಯಮ್ಮನ ಆರು ಗಂಟೆಯನ್ನು ತಾವೇ ಸೇರಿಸಿ ನೆಮ್ಮದಿಯಾಗಿ ಮಲಗಿದರು.

ಲೋಕದಲ್ಲಿ ಒಂದೇ ಮಾತನ್ನು ಅತಿ ಹೆಚ್ಚು ಸಲ ಹೇಳಿರುವ ಫೈಲು ಆ ಪೆಟ್ಟಿಗೆಯಲ್ಲೇ ಇದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಆರಾಯಿತು. ನಾನು ಹಾಸಿಗೆಯಲ್ಲೇ ಕೈಮುಗಿದು ಗೋಡೆಯಾಚೆಗೆ ಕಿವಿಗೊಟ್ಟೆ. ಗುಂಯ್ ಎನ್ನಲಿಲ್ಲ. ಹೊರಗೆ ಬಂದರೆ ಲಾಂಡ್ರಿಯ ಮುಂದೆ ವಸತಿಗೃಹದ ಬಿಳಿ ಬಟ್ಟೆಯ ರಾಶಿ ನನ್ನೆತ್ತರಕ್ಕೆ ಬಿದ್ದಿತ್ತು. ಪಕ್ಕದಲ್ಲಿ ಲಾಂಡ್ರಿಯಮ್ಮ ಒಣ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟು ನಿಂತಿದ್ದರು. ನಾನು ಓಡಿಹೋಗಿ ಭಾವನನ್ನು ಎಬ್ಬಿಸಿದೆ.

ನಾವು ಇಳಿಯುವಷ್ಟರಲ್ಲಿ ಪಂಪಿನ ಕೋಣೆಯ ಮುಂದೆ ಎಲ್ಲರೂ ಸೇರಿದ್ದರು. ಪೆಟ್ಟಿಗೆಯ ಅಂಗೈಯಗಲದ ಪರದೆಯ ಮೇಲೆ ಮೂಡಿದ್ದನ್ನು ಭಾವ ಬಿಡಿಸಿ ಓದಿದರು. ‘ಪಂಪಿನ ಸಮಯವನ್ನು ನಾಲ್ಕನೇ ಸಾಲಿನಲ್ಲೇ ಹೇಳಿದೆ. ಮತ್ತೆ ಐದನೇ ಸಾಲಿನಲ್ಲಿ ಹೇಳಿದೆ. ನಿಂತಿದ್ದೇನೆ.’

‘ಯಾರು ಹಾಗೆ ಹೇಳಿದ್ದು?’ ಎಂದರು ಕಾರ್ಯದರ್ಶಿಗಳು.

‘ನಾನೇ ಹೇಳಿಸಿದ್ದು’ ಎಂದರು ಭಾವ, ಮುಖ ಸಣ್ಣದು ಮಾಡಿಕೊಂಡು.

‘ಐದನೇದು ಯಾರದ್ದು?’

‘ಡಾಕ್ಟರಮ್ಮಂದು. ಆರನೇದು ಮೇಷ್ಟ್ರದ್ದು. ಏಳನೇದು ನಿಮ್ಮದು. ಎಂಟನೇದೂ ನಿಮ್ಮದು. ಒಂಬತ್ತನೇದು ಮೇಷ್ಟ್ರದ್ದು…’

ಭಾವ ನಿಲ್ಲಿಸದೆ ಓದುತ್ತ ಹೋದರು. ಮೇಷ್ಟ್ರು ಆಕಾಶ ನೋಡಿದರು. ಡಾಕ್ಟರಮ್ಮ ಕೈಗಡಿಯಾರ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಕಾರ್ಯದರ್ಶಿಗಳ ಪಾಲಿನ ಸಾಲುಗಳು ಮುಗಿಯುವಷ್ಟರಲ್ಲಿ ಬಿಸಿಲು ರಾಶಿಯ ಮೇಲೆ ಬಂದಿತ್ತು.

‘ಅಂದ್ರೆ ನನಗೆ ಆಯ್ತು ಅಂದ ಬಾಯಲ್ಲೇ ಎಲ್ಲರಿಗೂ ಆಯ್ತು ಅಂದಿದ್ದೀರಿ’ ಎಂದರು ಅವರು.

‘ಹೌದು ಸಾರ್.’

‘ಇರಲಿ. ಎಲ್ಲ ಅಳಿಸಿ, ನನ್ನ ಐದು ಗಂಟೆ ಒಂದು ಉಳಿಸಿ. ನಾನು ಕಾರ್ಯದರ್ಶಿ.’

ಭಾವ ಬಟ್ಟೆಯ ರಾಶಿಯನ್ನು ನೋಡಿದರು. ಬಕೆಟ್ಟನ್ನು ನೋಡಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದರು: ‘ಆಗಲ್ಲ.’

ಈ ಮಾತು ಯಾರು ಆಡಿದರೆಂದು ಕಾರ್ಯದರ್ಶಿಗಳು ಹಿಂದೆ ತಿರುಗಿ ನೋಡಿದರು. ಹಿಂದೆ ನಾನಿದ್ದೆ. ನಾನಲ್ಲ ಎಂದು ತಲೆಯಾಡಿಸಿದೆ.

‘ಏನಂದ್ರಿ?’

‘ಆಗಲ್ಲ ಅಂದೆ ಸಾರ್. ನಾಲ್ಕನೇ ಸಾಲು ಇವರದ್ದು. ಇವರ ಕೆಲಸ ಹೋಗೋದ್ರಲ್ಲಿದೆ. ಇದೊಂದು ಇರಲಿ, ಮಿಕ್ಕಿದ್ದೆಲ್ಲ ಅಳಿಸ್ತೀನಿ.’

‘ಮೀಟಿಂಗ್ ಕರೀತೀನಿ ನಾನು.’

‘ಕರೀರಿ ಸಾರ್. ಪಂಪು ಹಾಕಿ ಬರ್ತೀನಿ.’

‘ಆರಕ್ಕೇ ಇರಲಿ ಬಿಡಿ’ ಎಂದರು ಡಾಕ್ಟರಮ್ಮ. ‘ಖಚಿತವಾಗಿ ಆರು ಅಂದ್ರೆ ಒಂದು ಡ್ರಮ್ಮು ತುಂಬಿಟ್ಕೋತೀನಿ. ಇವತ್ತು ಯಾವಾಗಲೋ ಅನ್ನೋದಕ್ಕೆ ಯಾವ ಡ್ರಮ್ಮೂ ಇಲ್ಲ.’

ಭಾವ ಮೊಣಕಾಲೂರಿ ಕೂತು ಒಂದೊಂದೇ ಸಾಲನ್ನು ಅಳಿಸಿದರು. ಒಂದೊಂದು ಅಳಿಸುವಾಗಲೂ ತುಟಿ ಅಲುಗುತ್ತಿತ್ತು; ಕೇಳಿದವರ ಕ್ಷಮೆ ಬೇಡುತ್ತಿದ್ದರೆಂದು ಕಾಣುತ್ತದೆ. ಪಂಪು ಗುಂಯ್ ಎಂದಿತು. ಬಕೆಟ್ಟಿಗೆ ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ಒಳ್ಳೆಯ ನೀರು.

ತಡವಾಗಿತ್ತು. ಲಾಂಡ್ರಿಯಮ್ಮನೊಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ನನ್ನ ತಂಗಿ ಸೆರಗು ಸಿಕ್ಕಿಸಿ ಕೂತಳು, ಮೇಷ್ಟ್ರ ಮಡದಿ ಬಂದರು, ಭಾವ ಆಫೀಸಿಗೆ ಬರಲಾಗಲ್ಲ ಎಂದು ಫೋನು ಮಾಡಿದರು. ಅದು ಅಂದಿನ ಅವರ ಎರಡನೇ ‘ಆಗಲ್ಲ’. ಹಿಂಡಿದ ಬಟ್ಟೆಯನ್ನು ನಾನು ಮಾಳಿಗೆಗೆ ಹೊತ್ತೆ. ಹಗ್ಗ ಸಾಲದಾಗ ಕಾರ್ಯದರ್ಶಿಗಳ ಕುಂಡದ ಬಳ್ಳಿ ಹಬ್ಬಿಸಿದ ಕಂಬಗಳಿಗೂ ಇನ್ನೊಂದು ಹಗ್ಗ ಕಟ್ಟಿದೆವು. ಅವರು ದೂರದಿಂದ ನೋಡುತ್ತಿದ್ದು, ಗಂಟು ಸರಿಯಿಲ್ಲ ಎಂದು ತಾವೇ ಬಂದು ಬಿಗಿದರು. ವಸತಿಗೃಹದವರು ಬಂದಾಗ ಇನ್ನೇನು ಮಧ್ಯಾಹ್ನ. ಕೊನೆಯ ಎರಡು ಬಟ್ಟೆ ಇಸ್ತ್ರಿಯ ಬಿಸಿಯಲ್ಲೇ ಒಣಗಿ ಗಂಟಿಗೆ ಸೇರಿದವು. ಅವರು ಒಂದನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ, ‘ನಾಳೆಯೂ ಕಳಿಸ್ತೀವಿ’ ಎಂದರು. ಲಾಂಡ್ರಿಯಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು.

ಈಗ ಪಂಪು ದಿನವೂ ಆರಕ್ಕೆ ಓಡುತ್ತದೆ. ಬಟ್ಟೆಯನ್ನು ಕೊನೆಗೆ ಜಾಲಿಸಿದ ನೀರನ್ನು ಲಾಂಡ್ರಿಯಮ್ಮ ಎತ್ತಿಟ್ಟಿರುತ್ತಾರೆ. ಸಂಜೆ ಅದು ಕುಂಡಗಳಿಗೆ ಹೋಗುತ್ತದೆ. ಗಿಡಗಳು ಮೊದಲಿಗಿಂತ ಬೆಳ್ಳಗಿವೆ ಎಂದು ಮೇಷ್ಟ್ರು ಹಾಸ್ಯ ಮಾಡುತ್ತಾರೆ. ಅವರ ಪಾಠದ ಮಕ್ಕಳು ಪಂಪಿನ ಗುಂಯ್‌ಗೇ ಶ್ರುತಿ ಸೇರಿಸಿ ಹಾಡುವುದನ್ನು ಕಲಿತಿದ್ದಾರೆ. ಪಂಪಾದರೂ ಶ್ರುತಿ ಬಿಡುವುದಿಲ್ಲವಂತೆ. ಹಾಸಿಗೆಯಲ್ಲೇ ಕೂತು ಕೇಳುವ ನನಗೆ ದೇವರು ಇಷ್ಟು ಕೊಟ್ಟದ್ದೇ ಹೆಚ್ಚು.

ಮಿಡತೆ ಮತ್ತೆರಡು ತಿದ್ದುಪಡಿ ಕಳಿಸಿದ್ದಾರೆ. ಭಾವ ಎರಡನ್ನೂ ಒಪ್ಪಿಲ್ಲ. ಅವರ ಕೈ ಈಗ ಪಳಗಿದೆ.

ಹೋದ ವಾರ ತಂಗಿ ನನ್ನ ಮನೆಗೆ ಬಂದು ಮೇಜಿನ ಮುಂದೆ ಕೂತಳು. ಅಂಗಡಿಗೆ ಹೋಗಿಬನ್ನಿ ಎಂದರೆ ಆಗಲ್ಲ ಎನ್ನುತ್ತಾರಂತೆ. ಫ್ಯಾನು ಒರೆಸಿ ಎಂದರೆ, ‘ಇದನ್ನ ಹೋದ ಭಾನುವಾರವೇ ಹೇಳಿದ್ದೀಯ’ ಎಂದು ನಿಂತುಬಿಡುತ್ತಾರಂತೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

‘ಅಣ್ಣ, ನಿನಗೇನಾದರೂ ಗೊತ್ತಾ? ಹಳೇ ಪ್ರೋಗ್ರಾಮನ್ನೇ ವಾಪಸ್ ಹಾಕೋಕೆ ಬರುತ್ತಾ?’